ಊದಲು ಕಲಿಸಿದ ಮೇಷ್ಟ್ರು

ಹೋದ ತಿಂಗಳು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ತೀರಿಕೊಂಡರು. ನಿವೃತ್ತರಾಗಿ ಹೆಚ್ಚು ಕಾಲವೇನೂ ಆಗಿರಲಿಲ್ಲ. ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ, ಬದುಕಿದ್ದಾಗ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಮೈಕಿನ ಮುಂದೆ ಸಾಲುಗಟ್ಟಿದರು. ಒಬ್ಬರು ‘ಸರಳ ಸಜ್ಜನಿಕೆಯ ಮೂರ್ತಿ’ ಎಂದರು. ಇನ್ನೊಬ್ಬರು ಗಂಟಲು ಗದ್ಗದ ಮಾಡಿಕೊಂಡು ‘ಸೋಲು ಗೆಲುವನ್ನು ಸಮನಾಗಿ ಕಂಡವರು’ ಎಂದರು. ಸಮನಾಗಿ ಕಂಡವರಂತೆ! ಬೇತಮಂಗಲದ ಶಾಲೆಯ ಎದುರು ನಮ್ಮ ಹುಡುಗಿಯರು ಥ್ರೋಬಾಲ್ ಸೋತ ದಿನ ಊಟ ಮುಟ್ಟದೆ, ಅಂಪೈರಿಗೆ ಕಣ್ಣಿನ ಪರೀಕ್ಷೆ ಮಾಡಿಸಬೇಕೆಂದು ಮೇಲಿನವರಿಗೆ ಅರ್ಜಿ ಬರೆದ ಮನುಷ್ಯ ಅವರು. ನಾನು ಹಿಂದಿನ ಬೆಂಚಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಳುತ್ತಿದ್ದೇನೆಂದು ಪಕ್ಕದವರು ನೀರಿನ ಬಾಟಲಿ ಕೊಟ್ಟರು. ನಾನು ನಗುತ್ತಿದ್ದೆ. ಸ್ವಲ್ಪ ಅಳುತ್ತಲೂ ಇದ್ದೆ ಅನ್ನಿ.

ನಾನು ಆ ಶಾಲೆಯ ಕನ್ನಡ ಟೀಚರು. ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಕೆ.ಜಿ.ಎಫ್. ಜನರೆಲ್ಲ ಬೆಂಗಳೂರಿನ ಕೆಲಸಕ್ಕೆಂದು ರೈಲಿನ ಬಾಗಿಲಲ್ಲಿ ಜೋತಾಡಿಕೊಂಡು ಬರುವಾಗ ನಾನು ಎದುರು ದಿಕ್ಕಿನ ಖಾಲಿ ರೈಲಿನಲ್ಲಿ ಮಹಾರಾಣಿಯ ಹಾಗೆ ಕೆ.ಜಿ.ಎಫ್.ಗೆ ಹೋಗುತ್ತೇನೆ. ಶಾಲೆ ಇರುವುದು ಆಂಡರ್ಸನ್‌ಪೇಟೆ ದಾಟಿದ ಮೇಲೆ, ಸೈನೈಡ್ ದಿಬ್ಬದ ಬುಡದಲ್ಲಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಿನ್ನ ತೆಗೆದು ಉಳಿದ ಪುಡಿಮಣ್ಣನ್ನು ಒಟ್ಟಿ ಒಟ್ಟಿ ಆದ ಗುಡ್ಡ ಅದು. ಚಿನ್ನ ಯಾರು ಯಾರಿಗೋ ಹೋಯಿತು, ಗುಡ್ಡ ನಮಗೆ ಉಳಿಯಿತು. ಆಷಾಢದ ಗಾಳಿ ಎದ್ದರೆ ಅದು ತಾನಾಗಿಯೇ ತರಗತಿಯೊಳಗೆ ಬರುತ್ತದೆ. ಮೇಜಿನ ಮೇಲೆ, ಬಿಸಿಯೂಟದ ತಟ್ಟೆಯ ಮೇಲೆ, ಮಕ್ಕಳ ರೆಪ್ಪೆಯ ಮೇಲೆ ಬೂದು ಪುಡಿ ಕೂರುತ್ತದೆ.

ನಾನು ಸೇರಿದ ಹೊಸದರಲ್ಲಿ ತರಗತಿಗೆ ಒಬ್ಬಿಬ್ಬರು ಮಕ್ಕಳ ಎದೆ ಸುಯ್‌ಗುಡುತ್ತಿತ್ತು. ಈಗ ಪದ್ಯ ಓದಿಸಿದರೆ ಸಾಲಿಗೊಬ್ಬರು ಕೆಮ್ಮುತ್ತಾರೆ. ದಿಬ್ಬದ ಧೂಳಿನಿಂದ ಎಂದು ಊರಿನವರು ಹೇಳುತ್ತಾರೆ. ಕಸ ಸುಡುವ ಹೊಗೆಯಿಂದ ಎಂದು ಹೇಳುವವರೂ ಇದ್ದಾರೆ. ಸೊಳ್ಳೆ ಬತ್ತಿಯಿಂದ ಎಂದು ಆರೋಗ್ಯ ಇಲಾಖೆಯವರು ಭಾಷಣ ಮಾಡುತ್ತಾರೆ. ಇಲಾಖೆಗೆ ಸೊಳ್ಳೆ ಬತ್ತಿಯ ಮೇಲೆ ವಿಪರೀತ ಸಿಟ್ಟು. ಗುಡ್ಡಕ್ಕಿಂತ ಅದನ್ನು ಆರಿಸುವುದು ಸುಲಭ ನೋಡಿ.

ಮೇಷ್ಟ್ರು ಕ್ಯಾಸಂಬಳ್ಳಿ ಕಡೆಯವರು. ಒಂದಿಷ್ಟು ರಾಗಿ ಹೊಲ, ಕೆಲವು ಸೀಮೆಹಸು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಅದೇ ಬೈಕಿನಲ್ಲಿ ಶಾಲೆಗೆ ಬರುತ್ತಿದ್ದರು. ಗೇಟಿನೊಳಗೆ ಮೊದಲು ಅವರ ಎದೆ ಬರುತ್ತಿತ್ತು, ಹಿಂದಿನಿಂದ ಅವರು ಬರುತ್ತಿದ್ದರು. ಸಿಟ್ಟು ನೆತ್ತಿಗೇರಿದಾಗ ಬೈಯುವುದಕ್ಕೆ ತೆಲುಗು, ಉಳಿದದ್ದಕ್ಕೆಲ್ಲ ಕನ್ನಡ. ಮಕ್ಕಳು ಬಿದ್ದು ಮಂಡಿ ತರಚಿಕೊಂಡರೆ ಮಾತ್ರ ತಮಿಳು. ‘ಒಣ್ಣೂ ಇಲ್ಲಮ್ಮಾ, ಒಣ್ಣೂ ಇಲ್ಲ,’ ಏನೂ ಆಗಿಲ್ಲ ಎಂದು ಗಾಯಕ್ಕೆ ಊದುತ್ತಿದ್ದರು. ಆ ಒಂದು ಮಾತಿಗೆ ಮಕ್ಕಳು ಅವರ ಎಲ್ಲ ತೆಲುಗನ್ನೂ ಮನ್ನಿಸುತ್ತಿದ್ದವು.

ಅವರ ವೈದ್ಯಶಾಸ್ತ್ರ ಬಹಳ ಚಿಕ್ಕದು. ಮನುಷ್ಯನಿಗೆ ಬರುವ ಕಾಯಿಲೆಗಳೆಲ್ಲ ಸೊಟ್ಟ ನಿಲ್ಲುವುದರಿಂದ ಬರುತ್ತವೆ. ತಲೆನೋವು ಎಂದವನಿಗೆ, ‘ಸೊಟ್ಟ ನಿಂತ್ರೆ ತಲೆ ನೋಯ್ದೆ ಇನ್ನೇನ್ಲಾ ಆಯ್ತದೆ?’ ಎಂದು ಬೆನ್ನಿಗೊಂದು ಗುದ್ದು. ಹೊಟ್ಟೆನೋವು ಎಂದವನಿಗೂ ಅದೇ ಗುದ್ದು. ಎದೆ ಸುಯ್‌ಗುಡುವ, ಅಂದರೆ ವೀಸಿಂಗ್ ಇರುವ ಮಕ್ಕಳನ್ನಂತೂ ಅವರು ಸೋಮಾರಿಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ‘ವೀಸಿಂಗೂ ಇಲ್ಲ, ಗೀಸಿಂಗೂ ಇಲ್ಲ. ಗ್ರೌಂಡ್ ಸುತ್ತಾ ಓಡು, ಓಯ್ತದೆ.’ ಇನ್‌ಹೇಲರನ್ನು ಅವರು ‘ಗ್ಯಾಸು’ ಎನ್ನುತ್ತಿದ್ದರು. ‘ಆ ಗ್ಯಾಸು ಒಂದ್ಸಾರಿ ಇಡ್ಕಂಡ್ರೆ ಸಾಯೋಗಂಟ ಬಿಡಲ್ಲ ಮೇಡಂ.’ ಈ ವಿಷಯದಲ್ಲಿ ಅವರು ಒಂಟಿಯಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಇನ್‌ಹೇಲರನ್ನು ಒಡವೆಗಿಂತ ಜೋಪಾನವಾಗಿ ಬಚ್ಚಿಡುತ್ತಾರೆ. ಮೈಮೇಲೆ ಒಡವೆ ಕಂಡರೆ ಸಂಬಂಧ ಬರುತ್ತದೆ, ಕೈಯಲ್ಲಿ ಅದು ಕಂಡರೆ ಬಂದ ಸಂಬಂಧ ಹೋಗುತ್ತದೆ ಎಂಬ ಲೆಕ್ಕಾಚಾರ.

ಮೇಷ್ಟ್ರ ಈ ವೈದ್ಯ ನಡೆಯುತ್ತಿದ್ದ ಕಾಲದಲ್ಲೇ ಸೆಲ್ವಿ ಎಂಟನೆಯ ತರಗತಿಗೆ ಸೇರಿದ್ದು. ಸಣಕಲು ಹುಡುಗಿ, ದೊಡ್ಡ ಕಣ್ಣು. ಮಾತಾಡುವಾಗ ಅರ್ಧ ವಾಕ್ಯಕ್ಕೆ ನಿಂತು ಉಸಿರು ಎಳೆದುಕೊಂಡು ಉಳಿದರ್ಧ ಹೇಳುತ್ತಿದ್ದಳು. ತಾಯಿ ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ನೆಲ ಒರೆಸುವ ಕೆಲಸಕ್ಕೆ ನಸುಕಿನ ರೈಲಿಗೆ ಹೋದರೆ ಬರುವುದು ರಾತ್ರಿಗೇ. ಒಂದು ದಿನ ರಜೆ ಹಾಕಿ ನನ್ನನ್ನು ಹುಡುಕಿಕೊಂಡು ಬಂದರು. ‘ಟೀಚರ್, ಪಾಪಾಗೆ ಇಳುಪ್ಪು. ಚಿಕ್ಕೋಳಿಂದ ಇದೆ,’ ಎಂದರು. ಎದೆ ಎಳೆಯುವುದಕ್ಕೆ ಅವರ ತಮಿಳು ಮಾತು ಅದು. ‘ಔಷಧಿ ಒಂದು ತಿಂಗಳು ತಗೋತೀವಿ, ಇನ್ನೊಂದು ತಿಂಗಳು ಆಗಲ್ಲ. ನಾನು ರಜಾ ಹಾಕಿದ್ರೆ ಅವ್ರು ಬೇರೆಯೋರನ್ನ ಇಟ್ಕೊಂಡ್ಬಿಡ್ತಾರೆ. ಸ್ಕೂಲ್ ಹತ್ರಾನೇ ಡಾಕ್ಟರು ಬಂದ್ರೆ ಎಷ್ಟು ಚೆನ್ನಾಗಿರ್ತಿತ್ತು.’

ಅವರ ಬಾಯಿಗೆ ಸಕ್ಕರೆ ಹಾಕಬೇಕು ಎನ್ನುವಂತೆ ಅದೇ ವರ್ಷ ಇಲಾಖೆಗೆ ಎಚ್ಚರವಾಯಿತು. ಆಸ್ತಮಾ ಹೆಚ್ಚುತ್ತಿದೆ ಎಂದು ಮೇಲಿನಿಂದ ಯಾರೋ ಚುಚ್ಚಿರಬೇಕು. ಇಲಾಖೆ ಎದ್ದರೆ ಮೊದಲು ಮಾಡುವ ಕೆಲಸ ಜಾಥಾ. ಗಾಳಿ ಬೀಸುವ ಮಧ್ಯಾಹ್ನ, ದಿಬ್ಬದ ಕೆಳಗಿನ ಮಣ್ಣು ರಸ್ತೆಯಲ್ಲಿ, ‘ಧೂಳಿನಿಂದ ದೂರವಿರಿ’ ಎಂಬ ಫಲಕ ಹಿಡಿದು ನಮ್ಮ ಮಕ್ಕಳು ನಡೆದರು. ಅಧಿಕಾರಿಗಳು ಮುಂದೆ ಜೀಪಿನಲ್ಲಿ ಹೋಗುತ್ತಿದ್ದರು. ಜೀಪು ಎಬ್ಬಿಸಿದ ಧೂಳಿನಲ್ಲಿ ಘೋಷಣೆ ಕೂಗಲು ಬಾಯಿ ತೆರೆದ ಮಕ್ಕಳು ಬಾಯಿ ತುಂಬ ಅದನ್ನೇ ತಿಂದರು. ಕೊನೆಗೆ ಎಲ್ಲರಿಗೂ ಬಿಸ್ಕತ್ತು ಸಿಕ್ಕಿತು. ಮೇಷ್ಟ್ರಿಗೆ ಮಾತ್ರ ಬಹಳ ತೃಪ್ತಿ, ಸಾಲು ಎಲ್ಲೂ ಸೊಟ್ಟಗಾಗಿರಲಿಲ್ಲ.

ಜಾಥಾ ಮುಗಿದ ಮೇಲೆ ಒಂದು ಒಳ್ಳೆಯ ಸುದ್ದಿಯೂ ಬಂತು. ಶಾಲೆಗಳಲ್ಲಿ ಮಕ್ಕಳ ಉಸಿರು ಪರೀಕ್ಷೆ ಮಾಡುತ್ತಾರೆ. ಎಲ್ಲಿ ತೊಂದರೆ ಹೆಚ್ಚು ಕಾಣುತ್ತದೋ ಅಲ್ಲಿ ತಿಂಗಳಿಗೊಮ್ಮೆ ಡಾಕ್ಟರು ಬಂದು ಕ್ಲಿನಿಕ್ ನಡೆಸುತ್ತಾರೆ, ಇನ್‌ಹೇಲರ್ ಉಚಿತ. ನಾನು ಓಡಿಹೋಗಿ ಸೆಲ್ವಿಯ ತಾಯಿಗೆ ಫೋನು ಮಾಡಿದೆ. ಆಕೆ ರೈಲಿನ ಗದ್ದಲದಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆದರೆ ಸುತ್ತೋಲೆಯ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಶಾಲೆಗಳಿಗೆ ಹುರುಪು ಬರಲೆಂದು, ಅತ್ಯುತ್ತಮ ಫಲಿತಾಂಶ ಪಡೆದ ಶಾಲೆಗೆ ಶೀಲ್ಡ್ ಕೊಡಲಾಗುವುದು. ಕಾಯಿಲೆ ಪತ್ತೆ ಮಾಡುವ ಪರೀಕ್ಷೆಗೆ ಶೀಲ್ಡ್ ಇಡುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಕಾಣೆ. ಸ್ಟಾಫ್ ರೂಮಿನಲ್ಲಿ ಸುತ್ತೋಲೆ ಕೈಯಿಂದ ಕೈಗೆ ಹೋಯಿತು. ಮೇಷ್ಟ್ರ ಕೈಗೆ ಬಂದಾಗ ಅವರು ಬೇರೇನನ್ನೂ ಓದಲಿಲ್ಲ.

ಮರುದಿನದಿಂದಲೇ ಕೋಚಿಂಗ್ ಶುರು. ಪರೀಕ್ಷೆಯ ಸಾಧನ ಒಂದು ಪ್ಲಾಸ್ಟಿಕ್ ಕೊಳವೆ. ಮೈಮೇಲೆ ಹಸಿರು, ಹಳದಿ, ಕೆಂಪು ಪಟ್ಟಿ. ಒಂದೇ ಉಸಿರಿಗೆ ಜೋರಾಗಿ ಊದಿದರೆ ಮುಳ್ಳು ಹಸಿರಿಗೆ ಓಡುತ್ತದೆ, ಎದೆ ಕಟ್ಟಿದವರು ಊದಿದರೆ ಕೆಂಪಿನಲ್ಲೇ ನಿಲ್ಲುತ್ತದೆ. ಮಕ್ಕಳು ಅದಕ್ಕೆ ಪೀಪಿ ಎಂದು ಹೆಸರಿಟ್ಟವು. ನಮ್ಮ ಬಳಿ ಪೀಪಿ ಇಲ್ಲದ್ದರಿಂದ ಮೇಷ್ಟ್ರು ಮನೆಗಳಿಂದ ಒಲೆ ಊದುವ ಕೊಳವೆಗಳನ್ನು ತರಿಸಿದರು. ಕ್ಯಾಸಂಬಳ್ಳಿಯಿಂದ ತಮ್ಮ ಹಸುಗಳ ಬೂಸಾ ಚೀಲ ತಂದು, ಬೆಂಚಿನ ಮೇಲೆ ಗುಡ್ಡೆ ಹಾಕಿ, ಒಂದೇ ಊದಿಗೆ ಅದನ್ನು ಆಚೆ ದಾಟಿಸಬೇಕೆಂದರು. ‘ಎದೆ ಎತ್ತು! ಒಟ್ಟೆ ಒಳೀಕೆ! ತುಟಿ ಬಿಗಿ! ಊದ್ಲಾ, ನಿಮ್ಮಪ್ಪ ಬೀಡಿ ಊದ್ದಂಗಲ್ಲ!’ ಗಾಳಿಯಲ್ಲಿ ದಿಬ್ಬದ ಧೂಳು ಸಾಲದೆಂದು ಬೂಸಾದ ಧೂಳೂ ಸೇರಿತು. ಎರಡು ವಾರ ಇಡೀ ಶಾಲೆ ಸೀನಿತು.

ಪರೀಕ್ಷೆಯ ಹಿಂದಿನ ದಿನ ಅವರು ನನ್ನ ಬಳಿ ಬಂದು, ‘ಮೇಡಂ, ಬೇತಮಂಗಲ ಕೆರೆಗೆ ಒಂದಷ್ಟು ಮಕ್ಳನ್ನ ಕರ್ಕಂಡೋಗ್ಬೇಕು. ಪರಿಸರ ಪಾಠ. ನಿಮ್ಮಂಗೆ ವಿವರಿಸಿ ಏಳೋರು ನಮ್ಮಲ್ಲಿ ಇನ್ನ್ಯಾರವ್ರೆ?’ ಎಂದರು. ಹೊಗಳಿಕೆಗೆ ನಾನು ಉಬ್ಬಿಹೋಗಿ, ಪರೀಕ್ಷೆಯ ದಿನವೇ ಯಾಕೆ ಎಂದು ಕೇಳಲೂ ಮರೆತೆ. ಕನ್ನಡ ಟೀಚರನ್ನು ಯಾರಾದರೂ ಹೊಗಳುವುದು ನವೆಂಬರಿನಲ್ಲಿ ಮಾತ್ರ. ಮರುದಿನ ಬಸ್ಸು ಹೊರಟು, ಮಕ್ಕಳ ಗಲಾಟೆ ಅಡಗಿದ ಮೇಲೆ ನನಗೆ ಏನೋ ಕೇಳಿಸತೊಡಗಿತು. ಮೊದಲು ಎಂಜಿನ್ ಸದ್ದು ಅಂದುಕೊಂಡೆ. ಆಮೇಲೆ ತಿರುಗಿ ನೋಡಿದೆ. ಸೀಟು ಸೀಟಿನಿಂದಲೂ ಸುಯ್, ಸುಯ್. ಸೆಲ್ವಿ ಕಿಟಕಿಯ ಪಕ್ಕ ಕೂತು ನಗುತ್ತಿದ್ದಳು. ಶಾಲೆಯಲ್ಲಿ ಎದೆ ಎಳೆಯುವ ಮಕ್ಕಳು ಎಷ್ಟಿದ್ದವೋ ಅಷ್ಟೂ ನನ್ನ ಬಸ್ಸಿನಲ್ಲಿದ್ದವು. ಇನ್‌ಸ್ಪೆಕ್ಷನ್ ಬರುವ ಹಿಂದಿನ ದಿನ ಓದಲು ಬಾರದ ಮಕ್ಕಳಿಗೆ ‘ನಾಳೆ ಬರಬೇಡ’ ಎನ್ನುವುದು ನಮ್ಮ ಶಾಲೆಗಳ ಹಳೆಯ ಪದ್ಧತಿ. ಮೇಷ್ಟ್ರು ಅದನ್ನು ಉಸಿರಾಟಕ್ಕೂ ಅನ್ವಯಿಸಿದ್ದರು.

ಬಸ್ಸು ತಿರುಗಿಸು ಎಂದರೆ, ಸಂಜೆಗೆ ಮುಂಚೆ ವಾಪಸ್ ಬರಬಾರದೆಂದು ಮೇಷ್ಟ್ರು ಹೇಳಿದ್ದಾರೆ ಎಂದ ಡ್ರೈವರ್. ಕೋಪದಲ್ಲಿ ನನಗೆ ಪರಿಸರ ಪಾಠ ಮರೆತುಹೋಯಿತು. ಆದರೆ ಕೆರೆ ಏರಿಯ ಮೇಲೆ ಆ ಮಕ್ಕಳು ಓಡಿದ್ದನ್ನು ನೀವು ನೋಡಬೇಕಿತ್ತು. ನೀರಿನ ಮೇಲಿಂದ ಬರುವ ತಂಪು ಗಾಳಿಯಲ್ಲಿ ಸಂಜೆಯವರೆಗೆ ಒಬ್ಬರೂ ಕೂರಲಿಲ್ಲ. ಸೆಲ್ವಿ ಒಂದು ಇಡೀ ವಾಕ್ಯವನ್ನು ನಿಲ್ಲದೆ ಹೇಳಿದಳು. ‘ಮಿಸ್, ಇಲ್ಲೇ ಸ್ಕೂಲ್ ಇಟ್ಟುಬಿಟ್ಟರೆ ಆಗಲ್ವಾ?’

ಸಂಜೆ ಗೇಟಿನ ಬಳಿಯೇ ಮೇಷ್ಟ್ರನ್ನು ಹಿಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂಚೂರೂ ಅಳುಕಲಿಲ್ಲ.

‘ಮೇಡಂ, ಆ ಎಣ್ಮಕ್ಳ ಎಸ್ರು ಗೌರ್ಮೆಂಟ್ ಕಾಗ್ದದಾಗೆ ಬಂದ್ರೆ ನಾಳೆ ಮದ್ವೆ ಎಂಗಾಯ್ತದೆ? ಗಂಡುಡುಗ್ರು ಪೊಲೀಸ್ ಸೆಲೆಕ್ಷನ್ಗೆ ಓದ್ರೆ ತಗಂತಾರಾ? ನಾನು ಮಾಡಿದ್ದು ಮಕ್ಳಿಗೆ ಒಳ್ಳೇದೇ.’

‘ಮತ್ತೆ ಶೀಲ್ಡು?’

‘ಅದು ಬಂದ್ರೆ ಬರ್ಲಿ ಬಿಡಿ,’ ಎಂದು ಬೇರೆ ಕಡೆ ನೋಡಿದರು.

ಬಂತು. ಕೆಂಪಿಗೆ ಒಂದೇ ಒಂದು ಮಗುವೂ ಬೀಳದ ಶಾಲೆ ನಮ್ಮದೊಂದೇ. ನಾನು ಹೆಡ್‌ಮಾಸ್ಟರಿಗೆ ಹೇಳಿದೆ. ‘ಫಲಿತಾಂಶ ಮೇಲೆ ಹೋಗಿಬಿಟ್ಟಿದೆ ಮೇಡಂ, ವಾಪಸ್ ಬರಲ್ಲ,’ ಎಂದರು. ಅಧಿಕಾರಿಗಳಿಗೇ ಹೇಳಿದೆ. ‘ಇಷ್ಟು ಪಾಸಿಟಿವ್ ರಿಸಲ್ಟ್ ಬಂದಿರೋವಾಗ ನೆಗೆಟಿವ್ ಮಾತು ಯಾಕೆ?’ ಎಂದು ನಕ್ಕರು. ಬಹುಮಾನದ ದಿನ ಅವರು ವೇದಿಕೆಯ ಮೇಲೆ, ದಿಬ್ಬಕ್ಕೆ ಬೆನ್ನು ಹಾಕಿ ನಿಂತು, ಈ ಶಾಲೆಯ ಗಾಳಿ ಎಷ್ಟು ಶುದ್ಧ ಎಂಬುದಕ್ಕೆ ಈ ಮಕ್ಕಳೇ ಸಾಕ್ಷಿ ಎಂದರು. ಹೇಳುವಾಗ ಎರಡು ಸಲ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು, ಧೂಳು ಬಿದ್ದು. ‘ಇಂಥ ಶಾಲೆಗೆ ಕ್ಲಿನಿಕ್ಕಿನ ಅಗತ್ಯವೇ ಇಲ್ಲ. ಆದ್ದರಿಂದ ಅದನ್ನು ಬಂಗಾರಪೇಟೆಯ ಆಸ್ಪತ್ರೆಗೆ ಕೊಟ್ಟಿದ್ದೇವೆ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಶೀಲ್ಡನ್ನು ತಲೆಯ ಮೇಲೆತ್ತಿ ಹಿಡಿದು ಮೈದಾನದ ಸುತ್ತ ನಡೆದರು.

ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದ ಸೆಲ್ವಿಯ ತಾಯಿ ಕೊನೆಯ ಸಾಲಿನಲ್ಲಿ ನಿಂತಿದ್ದರು. ಚಪ್ಪಾಳೆ ಮುಗಿದ ಮೇಲೆ ನನ್ನ ಬಳಿ ಬಂದು, ‘ಟೀಚರ್, ಹಾಗಾದ್ರೆ ಡಾಕ್ಟರು ಯಾವತ್ತು ಬರ್ತಾರೆ?’ ಎಂದರು. ಭಾಷಣದ ಕನ್ನಡ ಅವರಿಗೆ ಅರ್ಥವಾಗಿರಲಿಲ್ಲ. ಅರ್ಥ ಹೇಳುವ ಕೆಲಸ ಕನ್ನಡ ಟೀಚರ ಪಾಲಿಗೆ ಬಂತು.

ಆಷಾಢದಲ್ಲಿ ಅದು ಆಯಿತು. ಪಿ.ಟಿ. ಪೀರಿಯಡ್ಡಿನಲ್ಲಿ ಸೆಲ್ವಿ ಮೈದಾನದ ಅಂಚಿಗೆ ಕೂತುಬಿಟ್ಟಳು. ಮೇಷ್ಟ್ರು ದೂರದಿಂದಲೇ, ‘ಏಳಮ್ಮಿ, ನಾಟ್ಕ ಸಾಕು,’ ಎಂದು ಕೂಗಿದರು. ಅವಳು ಏಳಲಿಲ್ಲ. ತರಗತಿಯ ಕಿಟಕಿಯಿಂದ ಕಂಡು ನಾನೂ ಓಡಿದೆ. ಹತ್ತಿರ ಹೋಗಿ ನೋಡಿದರೆ ತುಟಿ ನೀಲಿಗಟ್ಟಿತ್ತು. ಕತ್ತಿನ ನರಗಳು ಎದ್ದು, ಭುಜ ಮೇಲೆ ಕೆಳಗೆ ಹಾರುತ್ತಿತ್ತು. ಬ್ಯಾಗಿನಲ್ಲಿದ್ದ ಇನ್‌ಹೇಲರ್ ಖಾಲಿಯಾಗಿತ್ತು. ಮೇಷ್ಟ್ರ ಮುಖ ನೋಡಲಾಗುತ್ತಿರಲಿಲ್ಲ. ಅವಳನ್ನು ಎತ್ತಿ ಬೈಕಿನ ಮೇಲೆ ಕೂರಿಸಿ, ಹಿಂದೆ ನನ್ನನ್ನು ಹತ್ತಿಸಿ, ಕೆ.ಜಿ.ಎಫ್. ಆಸ್ಪತ್ರೆಯ ತನಕ ಹಾರ್ನಿನಿಂದ ಕೈ ತೆಗೆಯಲಿಲ್ಲ. ದಾರಿಯುದ್ದಕ್ಕೂ ‘ಒಣ್ಣೂ ಇಲ್ಲಮ್ಮಾ, ಒಣ್ಣೂ ಇಲ್ಲ,’ ಎನ್ನುತ್ತಿದ್ದರು. ಅವಳಿಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ.

ಮೂಗಿಗೆ ಮಾಸ್ಕ್ ಕಟ್ಟಿ ಹಬೆಯ ಔಷಧಿ ಕೊಟ್ಟ ಮೇಲೆ ಹುಡುಗಿಯ ಬಣ್ಣ ಮರಳಿತು. ಸಂಜೆ ಬೆಂಗಳೂರಿನಿಂದ ತಾಯಿ ಓಡಿ ಬಂದರು. ಮಗಳ ಎದೆ ಮುಟ್ಟಿ ನೋಡಿ, ಆಮೇಲೆ ಮೇಷ್ಟ್ರ ಕಡೆ ತಿರುಗಿದರು. ಬಸ್ಸಿನ ಕಥೆಯನ್ನು ಮಗಳು ಅವರಿಗೆ ಹೇಳಿದ್ದಳು. ಆಕೆ ಕೂಗಾಡಲಿಲ್ಲ.

‘ಸಾರ್, ಆ ಶೀಲ್ಡ್ ಕೊಡಿ. ಇನ್ನೊಂದ್ಸಲ ಇಳುಪ್ಪು ಬಂದ್ರೆ ಪಾಪಾ ಮೂಗಿಗೆ ಹಿಡೀತೀನಿ.’

ಮೇಷ್ಟ್ರು ಬಾಯಿ ತೆರೆದರು, ಮೂರು ಭಾಷೆಯಲ್ಲಿ ಒಂದೂ ಬರಲಿಲ್ಲ. ನಾನು ಇಲ್ಲಿಯವರೆಗೆ ಅವರನ್ನು ಎಷ್ಟೇ ಆಡಿಕೊಂಡಿರಲಿ, ಆ ಗಳಿಗೆಯಲ್ಲಿ ಅವರ ಜಾಗದಲ್ಲಿ ನಿಲ್ಲುವುದು ನನ್ನ ಶತ್ರುವಿಗೂ ಬೇಡ ಅನಿಸಿತು.

ಮರುದಿನವೇ ಶೀಲ್ಡನ್ನು ಚೀಲಕ್ಕೆ ಹಾಕಿಕೊಂಡು ಅಧಿಕಾರಿಗಳ ಬಳಿ ಹೋದರು. ನಡೆದದ್ದನ್ನು ಹೇಳಿ, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಬೇಡಿಕೊಂಡರು. ಅಲ್ಲಿ ಅವರನ್ನು ಯಾರೂ ನಂಬಲಿಲ್ಲ. ಶೀಲ್ಡ್ ವಾಪಸ್ ಕೊಡಲು ಬಂದವರನ್ನು ಆ ಕಚೇರಿ ಹಿಂದೆಂದೂ ನೋಡಿರಲಿಲ್ಲ. ಪರೀಕ್ಷೆ ವರ್ಷಕ್ಕೊಮ್ಮೆ, ಮುಂದಿನ ವರ್ಷ ನೋಡೋಣ ಎಂದು ಕಾಫಿ ಕುಡಿಸಿ ಕಳಿಸಿದರು. ಆ ವರ್ಷವೆಲ್ಲ ಸೆಲ್ವಿಯ ತಾಯಿ ರಜೆ ಸಿಕ್ಕ ತಿಂಗಳು ಬಂಗಾರಪೇಟೆಗೆ ಕರೆದೊಯ್ದರು, ಸಿಗದ ತಿಂಗಳು ದೇವರ ಮೇಲೆ ಭಾರ ಹಾಕಿದರು. ಮೇಷ್ಟ್ರು ಮೈದಾನ ಸುತ್ತಿಸುವುದನ್ನು ನಿಲ್ಲಿಸಿ, ಗಾಳಿ ಎದ್ದ ದಿನ ಮಕ್ಕಳನ್ನು ಒಳಗೆ ಕೂರಿಸಿ ಕೇರಂ ಆಡಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ಅವರಾಗುತ್ತಿರಲಿಲ್ಲ. ಮರು ವರ್ಷದ ಪರೀಕ್ಷೆಯ ದಿನ ಗೊತ್ತಾದದ್ದೇ ತಡ, ಮತ್ತೆ ಕೋಚಿಂಗ್ ಶುರುವಾಯಿತು. ಈ ಸಲ ಸೋಲುವುದಕ್ಕೆ.

‘ಎದೆ ಒಳೀಕೆ! ಬೆನ್ನು ಬಗ್ಸು! ತುಟಿ ಸಡ್ಲ ಬಿಡ್ಲಾ, ಪಕ್ಕದಾಗೆ ಗಾಳಿ ಓಗ್ಲಿ!’ ಜೀವಮಾನವಿಡೀ ಬೆನ್ನು ನೆಟ್ಟಗೆ ಮಾಡಿಸಿದವರು ಈಗ ಸಾಲಾಗಿ ನಿಲ್ಲಿಸಿ ಗೂನು ಕಲಿಸುತ್ತಿದ್ದರು. ಹಿಂದಿನ ವರ್ಷ ಪೀಪಿಯ ಮುಳ್ಳನ್ನು ತುದಿ ಮುಟ್ಟಿಸಿದ್ದ ದಪ್ಪ ಹುಡುಗನೊಬ್ಬ ಎಷ್ಟು ಹೇಳಿದರೂ ಮರೆತು ಜೋರಾಗಿ ಊದಿಬಿಡುತ್ತಿದ್ದ. ‘ಸೋಲಾಕೂ ಬುದ್ಧಿ ಬೇಕು ಕಣ್ಲಾ!’ ಎಂದು ಅವನಿಗೆ ಬೈಗುಳ. ಸೆಲ್ವಿಯನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿ, ‘ನೀನು ಪ್ರಾಕ್ಟೀಸ್ ಮಾಡ್ಬೇಡ ಕಣಮ್ಮಿ. ನೀನು ಅವತ್ತು ಪೂರ್ತಿ ಊದು,’ ಎಂದರು.

ಮಕ್ಕಳು ತಮ್ಮಷ್ಟಕ್ಕೆ ಊದಲಿ, ಕಾಯಿಲೆ ಇದ್ದವರು ತಾವಾಗಿ ಸಿಗುತ್ತಾರೆ, ಈ ಆಟ ಬೇಡ ಎಂದು ನಾನು ತಲೆ ಚಚ್ಚಿಕೊಂಡೆ. ‘ಒಂದ್ ರೂಮಿನಷ್ಟು ಮಕ್ಳು ಸಿಕ್ರೆ ಅವ್ರು ಬತ್ತಾರಾ ಮೇಡಂ? ಸೋತ್ರೆ ಪೂರಾ ಸೋಲ್ಬೇಕು,’ ಎಂದರು. ಪಂದ್ಯ ಎಂದರೆ ಒಂದು ತುದಿ ಇಲ್ಲವೇ ಇನ್ನೊಂದು ತುದಿ. ನಡುವೆ ನಿಜ ಎಂಬುದೊಂದಿದೆ ಎನ್ನುವುದು ಆ ತಲೆಗೆ ಹೋಗಲೇ ಇಲ್ಲ.

ಪರೀಕ್ಷೆಯ ದಿನ ಇಡೀ ಶಾಲೆ ಕೆಂಪಿಗೆ ಬಿತ್ತು. ಮೊದಲ ಸಾಲು ಕೆಂಪು, ಎರಡನೆಯ ಸಾಲು ಕೆಂಪು. ದಪ್ಪ ಹುಡುಗನಂತೂ ಊದಿ ಆದ ಮೇಲೆ ಬೆಂಚು ಹಿಡಿದು ತೂರಾಡಿ ತೋರಿಸಿದ. ಸೆಲ್ವಿ ಬಂದಳು. ಕಣ್ಣು ಮುಚ್ಚಿ, ಮೈಯೆಲ್ಲ ಸೇರಿಸಿ ಊದಿದಳು. ಅವಳದ್ದೂ ಕೆಂಪು. ನರ್ಸಮ್ಮ ತಲೆಯೆತ್ತಿಯೂ ನೋಡಲಿಲ್ಲ. ಅಷ್ಟು ಸುಳ್ಳು ಕೆಂಪಿನ ಮಧ್ಯೆ ಅವಳ ನಿಜವಾದ ಕೆಂಪು ಯಾರಿಗೆ ಕಾಣಬೇಕು? ನನಗೆ ಮೇಷ್ಟ್ರ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

ಅಧಿಕಾರಿಗಳು ಬೆವರಿದರು. ಹೋದ ವರ್ಷದ ಮಾದರಿ ಶಾಲೆ ಈ ವರ್ಷ ಪೂರ್ತಿ ಆಸ್ತಮಾ ಎಂದು ಬರೆದರೆ ಮೇಲಿನವರಿಗೆ ಏನು ಉತ್ತರ ಕೊಡುವುದು? ‘ಮೆಷಿನ್ ಕೆಟ್ಟಿದೆ,’ ಎಂದರು. ನರ್ಸಮ್ಮ, ‘ಬೆಳಿಗ್ಗೆ ಸರಿಯಿತ್ತು ಸರ್. ಬೇಕಾದರೆ ನೀವೇ ಒಂದು ಸಲ ಊದಿ ನೋಡಿ,’ ಎಂದಳು. ‘ನನಗೆ ಶೀತ,’ ಎಂದರು ಅವರು. ಅಕ್ಕಪಕ್ಕ ನೋಡಿದರು, ಮೇಷ್ಟ್ರ ಎದೆಯ ಮೇಲೆ ಅವರ ಕಣ್ಣು ನಿಂತಿತು. ‘ಇವರು ಊದಲಿ. ಇವರದ್ದು ಹಸಿರಿಗೆ ಬಂದರೆ ಮೆಷಿನ್ ಸರಿ, ಕ್ಲಿನಿಕ್ ಇಲ್ಲಿಗೇ ತರೋಣ. ಇವರದ್ದೂ ಕೆಂಪಾದರೆ ಮೆಷಿನ್ ಕೆಟ್ಟಿದೆ ಎಂದು ಬರೆಯಿರಿ.’

ಮೇಷ್ಟ್ರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಗೆದ್ದೆವು ಎಂದು ಅದರ ಅರ್ಥ. ಮುಂದೆ ಬಂದರು. ಕಾಲು ಜೋಡಿಸಿದರು, ಬೆನ್ನು ನೆಟ್ಟಗೆ ಮಾಡಿದರು, ಕೊಳವೆಯನ್ನು ಬಾಯಿಗಿಟ್ಟು ಕತ್ತಿನ ನರ ಹರಿಯುವ ಹಾಗೆ ಊದಿದರು. ಮುಳ್ಳು ಸ್ವಲ್ಪ ಸರಿದು ಕೆಂಪಿನಲ್ಲಿ ನಿಂತಿತು. ಇನ್ನೊಮ್ಮೆ ಊದಿದರು. ಮತ್ತೂ ಒಮ್ಮೆ. ಅದು ಅಲ್ಲಿಂದ ಕದಲಲಿಲ್ಲ. ಮಕ್ಕಳು ಸಾರ್ ತಮಗಿಂತ ಚೆನ್ನಾಗಿ ನಟಿಸುತ್ತಿದ್ದಾರೆಂದು ಶಿಳ್ಳೆ ಹಾಕಿದವು. ಅಧಿಕಾರಿಗಳು ನೆಮ್ಮದಿಯಿಂದ ನಕ್ಕು, ಮೆಷಿನ್ ಕೆಟ್ಟಿದೆ ಎಂದು ಬರೆಸಿ, ಪೀಪಿ ಕಟ್ಟಿಕೊಂಡು ಜೀಪು ಹತ್ತಿದರು.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದರು. ನಾನು ಜಗಳಕ್ಕೆಂದೇ ಹೋದೆ. ‘ನಿಮ್ಮ ನಾಟಕ ಕೊನೆಗೂ ಬಿಡಲಿಲ್ಲ ಅಲ್ವಾ? ಅಲ್ಲೊಂದು ಸಲ ಸರಿಯಾಗಿ ಊದಿದ್ದರೆ ಆ ಮಗುವಿಗೆ ಕ್ಲಿನಿಕ್ ಬರುತ್ತಿತ್ತು.’

‘ಊದ್ದೆ ಮೇಡಂ.’

‘ಏನು ಊದಿದಿರಿ?’

‘ಪೂರ್ತಿ ಊದ್ದೆ. ನನ್ನಾಣೆ. ಇರೋದೇ ಅಷ್ಟು.’ ಎದೆಯ ಮೇಲೆ ಕೈಯಿಟ್ಟು ತೋರಿಸಿ, ‘ಈಚೀಚೆಗೆ ಆಲು ಕರ್ಯೋವಾಗ ಎದೆ ಇಡ್ಕಂತಿತ್ತು. ವಯಸ್ಸಾಯ್ತಲ್ಲ, ಅದ್ಕೇ ಅನ್ಕಂಡಿದ್ದೆ,’ ಎಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮಕ್ಕಳು ಆ ಮೈದಾನಕ್ಕೆ ವಾರಕ್ಕೆರಡು ಪೀರಿಯಡ್ ಬರುತ್ತಿದ್ದವು. ಈ ಮನುಷ್ಯ ಯೌವನದಿಂದಲೂ ದಿನವಿಡೀ ಆ ದಿಬ್ಬದ ಕೆಳಗೆ ನಿಂತು, ಬಾಯಿ ತುಂಬ ಗಾಳಿ ಎಳೆದುಕೊಂಡು ಕೂಗಿದ್ದರು. ಅದು ನಮಗಾರಿಗೂ ಹೊಳೆದಿರಲಿಲ್ಲ. ಅವರಿಗಂತೂ ಹೊಳೆಯುವ ಮಾತೇ ಇಲ್ಲ.

‘ಬಂಗಾರ್ಪೇಟೆ ಕ್ಲಿನಿಕ್ ಯಾವತ್ತು?’ ಎಂದು ಕೇಳಿದರು. ನಾನು ಹೇಳಿದೆ. ‘ಸೆಲ್ವೀನ ನಾನೇ ಕರ್ಕಂಬತ್ತೀನಿ. ಇನ್ಮೇಲೆ ತಿಂಗ್ಳಾ ತಿಂಗ್ಳಾ ನಾನೇ ಬತ್ತೀನಿ. ಅವ್ರಮ್ಮ ರಜಾ ಆಕೋದು ಬೇಡ ಅಂತ ಏಳಿ.’

ಕ್ಲಿನಿಕ್ಕಿನ ದಿನ ಅವರಿಬ್ಬರನ್ನೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸೇರಿಕೊಂಡೆ. ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಸಾಲು ಬಾಗಿಲಿನಾಚೆಗೂ ಬೆಳೆದಿತ್ತು. ಒಳಗೆ ಬಂದ ಮೇಲೆ ನೋಡಿದರೆ, ಕೌಂಟರಿನ ಪಕ್ಕದ ಗೋಡೆಗೆ ಆಳೆತ್ತರದ ಫ್ಲೆಕ್ಸ್. ‘ಆಸ್ತಮಾ ಮುಕ್ತ ಮಾದರಿ ಶಾಲೆ’ ಎಂದು ದಪ್ಪ ಅಕ್ಷರ. ನಡುವೆ ನಮ್ಮ ಮೇಷ್ಟ್ರು, ಎದೆಯುಬ್ಬಿಸಿ. ಕೆಳಗೆ ಅವರ ಹೆಸರು, ‘ರೂವಾರಿ’ ಎಂಬ ಬಿರುದಿನ ಜೊತೆ. ಅದು ಅಲ್ಲಿರುವುದು ಮೇಷ್ಟ್ರಿಗೂ ನನಗೂ ಗೊತ್ತೇ ಇರಲಿಲ್ಲ. ಮೇಷ್ಟ್ರು ಮುಖ ತಿರುಗಿಸಿ ನಿಂತರು. ಹಿಂದೆ ನಿಂತಿದ್ದ, ಟವೆಲ್ ಸುತ್ತಿಕೊಂಡಿದ್ದ ಹಳ್ಳಿಯ ಅಜ್ಜ ಒಮ್ಮೆ ಫ್ಲೆಕ್ಸ್ ನೋಡಿದ, ಒಮ್ಮೆ ಇವರನ್ನು ನೋಡಿದ.

‘ಆ ಪಟದಾಗಿರೋರು ನೀವೇ ಅಲ್ವರಾ?’

‘ನಮ್ಮಣ್ಣ,’ ಎಂದರು ಮೇಷ್ಟ್ರು.

ನನಗೆ ನಗು ತಡೆಯಲಾಗಲಿಲ್ಲ. ಸೆಲ್ವಿಯೂ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದಳು. ಸಾಲು ಸರಿಯಿತು. ಕೌಂಟರಿನ ಹುಡುಗ ತಲೆಯೆತ್ತದೆ ‘ಯಾರಿಗೆ?’ ಎಂದ. ಮೇಷ್ಟ್ರು ಸೆಲ್ವಿಯನ್ನು ಮುಂದೆ ತಂದು ಹೆಸರು, ವಯಸ್ಸು ಬರೆಸಿದರು. ಚೀಟಿ ಕೈಗೆ ಬಂತು. ಆದರೆ ಅವರು ಕೌಂಟರ್ ಬಿಟ್ಟು ಸರಿಯಲಿಲ್ಲ.

‘ಇನ್ನೇನು ಸಾರ್?’

‘ಇನ್ನೊಂದು ಕೊಡಪ್ಪ. ದೊಡ್ಡೋರ್ದು.’

‘ಹೆಸರು ಹೇಳಿ.’

ಮೇಷ್ಟ್ರು ಫ್ಲೆಕ್ಸಿನ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಹೆಸರು ಹೇಳಿದರು. ಹುಡುಗನ ಪೆನ್ನು ನಿಂತಿತು. ಗೋಡೆ ನೋಡಿದ, ಇವರನ್ನು ನೋಡಿದ. ಹಿಂದಿನ ಅಜ್ಜ, ‘ಅಣ್ಣ ಅಂದ್ರಲ್ಲ!’ ಎಂದ. ಇಡೀ ಸಾಲು ಕತ್ತು ಚಾಚಿ ನೋಡುತ್ತಿತ್ತು.

‘ಅದೂ ನಾನೇ, ಇದೂ ನಾನೇ,’ ಎಂದರು ಮೇಷ್ಟ್ರು. ‘ವೀಸಿಂಗು ಅಂತ ಬರ್ಕೊಳಪ್ಪ. ಬೇಗ ಬರಿ, ಮಗು ನಿಂತದೆ.’